ನಾಗಿಸಾ ಓಶಿಮಾ: ತನ್ನವರನ್ನೇ ಕೆಣಕಿದ ಕಲಾವಿದ

ಜಪಾನಿನ ಚಲಚ್ಚಿತ್ರವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವ ಹೆಸರು ಅಕಿರಾ ಕುರೊಸಾವಾನದು. 1951ರಲ್ಲಿ ಅವನ ‘ರಾಶೊಮೊನ್’ ವೆನಿಸ್ ಚಿತ್ರೋತ್ಸವದ ಪರಮೋಚ್ಚ ಪ್ರಶಸ್ತಿಯನ್ನು ಗಳಿಸಿದಂದಿನಿಂದ ಆ ದೇಶದ ಚಿತ್ರಗಳನ್ನು ಜಗತ್ತು ಗೌರವದಿಂದ ನೋಡತೊಡಗಿತು. ರಸಿಕರಾದವರು ಅವನ ಹೆಸರಿನೊಡನೆ ಮಿಝೊಗುಚಿ ಮತ್ತು ಓಝು ಎಂಬ ಇನ್ನಿಬ್ಬರು ಹಿರಿಯರನ್ನೂ ಸೇರಿಸಿ ಹೇಳುವುದುಂಟು. ಈ ಮೂವರನ್ನು ಮೆಚ್ಚಿ ಮಾತನಾಡುವುದು ಕಷ್ಟವೇನಲ್ಲ. ಮೆಚ್ಚುವುದು ಸುಲಭವಲ್ಲದ, ಎಲ್ಲರೂ ಮೆಚ್ಚಲೆಂದು ತಾನೂ ಬಯಸದ ನಿರ್ದೇಶಕನೊಬ್ಬನು ಅದೇ ನೆಲದಲ್ಲಿ ಅವರ ಬೆನ್ನ ಹಿಂದೆಯೇ ಬಂದನು. ಅವನೇ ನಾಗಿಸಾ ಓಶಿಮಾ.

ಅವನನ್ನು ಕುರಿತು ಬರೆದವರೆಲ್ಲರೂ ತಪ್ಪದೆ ಬಳಸುವ ವಿಶೇಷಣವೊಂದುಂಟು: ಕೆಣಕುವವನು. ಮಾತು ನಿಜ, ಆದರೆ ಅರ್ಧ ನಿಜ. ಕೆಣಕುವುದು ಲೋಕದಲ್ಲಿ ದುರ್ಲಭವಾದ ವಿದ್ಯೆಯೇನೂ ಅಲ್ಲ. ಎದುರಾಳಿಯನ್ನು ಕೆಣಕಿ ತನ್ನ ಗುಂಪಿನ ಚಪ್ಪಾಳೆಯನ್ನು ಗಳಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಓಶಿಮಾನ ಬಾಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವರಿಗೆ ತೋರುವ ಸಂಗತಿ ಬೇರೆ. ಅವನು ಬಿಟ್ಟ ಬಾಣಗಳಲ್ಲಿ ಬಹುಪಾಲು ಹಾರಿದುದು ತನ್ನವರ ಕಡೆಗೇ: ತನಗೆ ಅನ್ನವಿಟ್ಟ ಸಂಸ್ಥೆ, ತಾನು ನಂಬಿದ ಪಂಥ, ತಾನು ಹುಟ್ಟಿದ ಜನಾಂಗ, ತಾನು ಬೆಳೆದ ಊರು, ಕೊನೆಗೆ ಹಣ ಕೊಟ್ಟು ಬಂದು ಕುಳಿತ ಪ್ರೇಕ್ಷಕ. ಇದರ ಬೆಲೆಯನ್ನು ಅವನು ಜೀವಮಾನವೆಲ್ಲ ತೆತ್ತನು. ಆ ಕಥೆ ನಮ್ಮ ತರುಣ ಓದುಗರಿಗೆ ತಿಳಿದಿರಬೇಕಾದುದು.

ತಂದೆಯ ಪುಸ್ತಕಗಳು

ಓಶಿಮಾ ಹುಟ್ಟಿದುದು 1932ನೆಯ ಇಸವಿಯ ಮಾರ್ಚ್ 31ರಂದು. ತಂದೆಯ ಕಡೆಯವರು ತ್ಸುಶಿಮಾ ದ್ವೀಪದ ಸಮುರಾಯಿ ಮನೆತನದವರು. ತಂದೆ ಸರ್ಕಾರದ ಮೀನುಗಾರಿಕೆಯ ವಿಭಾಗದಲ್ಲಿ ಅಧಿಕಾರಿ, ಓದಿನ ಹಂಬಲವುಳ್ಳವನು. ಮಗನಿಗೆ ಆರು ವರ್ಷವಾಗಿದ್ದಾಗ ಅವನು ತೀರಿಕೊಂಡನು. ತಾಯಿ ಮಕ್ಕಳೊಡನೆ ತನ್ನ ತೌರೂರಾದ ಕ್ಯೋಟೊಗೆ ಬಂದು ನೆಲಸಿದಳು. ತಂದೆ ಬಿಟ್ಟುಹೋದುದರಲ್ಲಿ ಹುಡುಗನಿಗೆ ನಿಜವಾಗಿ ದಕ್ಕಿದ ಆಸ್ತಿಯೆಂದರೆ ಪುಸ್ತಕಗಳು. ಅವುಗಳಲ್ಲಿ ಮಾರ್ಕ್ಸ್‌ವಾದದ ಗ್ರಂಥಗಳೂ ಇದ್ದುವು. ಯುದ್ಧೋನ್ಮಾದದ ಆ ದಿನಗಳ ಜಪಾನಿನಲ್ಲಿ ಅಂಥ ಗ್ರಂಥಗಳು ಮನೆಯಲ್ಲಿರುವುದೇ ಅಪಾಯಕರವಾಗಿದ್ದಿತು. ತಂದೆಯ ಮುಖಕ್ಕಿಂತ ಹೆಚ್ಚಾಗಿ ಅವನ ಪುಸ್ತಕಗಳನ್ನೇ ಬಲ್ಲವನಾಗಿ ಮಗನು ಬೆಳೆದನು.

1945ರ ಆಗಸ್ಟಿನಲ್ಲಿ ಜಪಾನ್ ಶರಣಾದಾಗ ಅವನಿಗೆ ಹದಿಮೂರು ವರ್ಷ. ನಾಲ್ಕೇ ತಿಂಗಳ ಮೇಲೆ, 1946ರ ಹೊಸವರ್ಷದ ದಿನ, ಚಕ್ರವರ್ತಿ ಹಿರೊಹಿತೊ ತಾನು ದೇವರಲ್ಲವೆಂದು ಪ್ರಜೆಗಳಿಗೆ ಸಾರಿದನು. ನಿನ್ನೆಯವರೆಗೆ ಯಾರ ಹೆಸರಿನಲ್ಲಿ ಪ್ರಾಣ ಕೊಡಬೇಕೆಂದು ಪಾಠ ಹೇಳಿದರೋ ಅವನ ದೈವತ್ವವನ್ನು ಇಂದು ಅದೇ ಶಾಲೆಯಲ್ಲಿ ಅದೇ ಉಪಾಧ್ಯಾಯರು ಅಲ್ಲಗಳೆಯಬೇಕಾಯಿತು. ಆ ವಯಸ್ಸಿನ ಹುಡುಗರ ಒಂದು ತಲೆಮಾರೇ ಹಿರಿಯರ ಮಾತಿನಲ್ಲಿ ನಂಬಿಕೆಯನ್ನು ಕಳೆದುಕೊಂಡಿತು. ಓಶಿಮಾ ಆ ತಲೆಮಾರಿನವನು.

ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಅವನು ನ್ಯಾಯಶಾಸ್ತ್ರವನ್ನು ಅಭ್ಯಾಸಮಾಡಿದನು. ಬಿಡುವಿನಲ್ಲಿ ನಾಟಕ, ಉಳಿದ ಹೊತ್ತೆಲ್ಲ ವಿದ್ಯಾರ್ಥಿ ಚಳವಳಿ. 1951ರಲ್ಲಿ ಚಕ್ರವರ್ತಿ ವಿಶ್ವವಿದ್ಯಾಲಯಕ್ಕೆ ಭೇಟಿ ಕೊಟ್ಟಾಗ ವಿದ್ಯಾರ್ಥಿಗಳು, ಮತ್ತೊಮ್ಮೆ ದೇವರಾಗಲು ಒಪ್ಪಬಾರದೆಂದು ಅವನನ್ನೇ ಪ್ರಾರ್ಥಿಸುವ ಫಲಕವನ್ನು ಹಿಡಿದು ನಿಂತರು. ಫಲವಾಗಿ ವಿದ್ಯಾರ್ಥಿಸಂಘವೇ ವಿಸರ್ಜಿತವಾಯಿತು. ಆ ಚಳವಳಿಯಲ್ಲಿ ಪಾಲುಗೊಂಡಿದ್ದ ಓಶಿಮಾ, ಸಂಘ ಮತ್ತೆ ತಲೆಯೆತ್ತಿದಾಗ ಅದರ ಮುಂದಾಳಾದನು. ಚಳವಳಿಯಲ್ಲಿ ಹೆಸರು ಮಾಡಿದವನಿಗೆ ಪದವಿಯ ಅನಂತರ ಒಳ್ಳೆಯ ನೌಕರಿ ದೊರೆಯುವುದು ದುಸ್ತರವಾಗಿದ್ದಿತು. 1954ರಲ್ಲಿ ಶೋಚಿಕು ಎಂಬ ದೊಡ್ಡ ಚಿತ್ರಸಂಸ್ಥೆ ನಡೆಸಿದ ಪರೀಕ್ಷೆಗೆ ಕುಳಿತು, ತೇರ್ಗಡೆಯಾಗಿ, ಓಫುನಾ ನಗರದ ಅದರ ಸ್ಟುಡಿಯೋದಲ್ಲಿ ಸಹಾಯಕ ನಿರ್ದೇಶಕನಾಗಿ ಸೇರಿದನು. ಚಲಚ್ಚಿತ್ರದ ಮೇಲಣ ಹುಟ್ಟುಪ್ರೇಮಕ್ಕಿಂತ ಹೊಟ್ಟೆಪಾಡೇ ಅವನನ್ನು ಅಲ್ಲಿಗೆ ಕರೆತಂದಿತೆಂದರೆ ತಪ್ಪಾಗದು.

ಮಾರಿದ ಪಾರಿವಾಳ

ಓಫುನಾ ಸ್ಟುಡಿಯೋ ಓಝುವಿನ ಕರ್ಮಭೂಮಿ. ಸಂಸ್ಥೆಯ ಮುಖ್ಯಸ್ಥನಾಗಿದ್ದ ಕಿದೊ ಶಿರೊ ಅಲ್ಲಿ ಒಂದು ಸಂಪ್ರದಾಯವನ್ನೇ ಕಟ್ಟಿದ್ದನು: ಸಾಮಾನ್ಯರ ಸಂಸಾರ, ತುಸು ನಗೆ, ತುಸು ಕಣ್ಣೀರು, ಕೊನೆಯಲ್ಲಿ ಸಮಾಧಾನ. ಇದಕ್ಕೆ ಓಫುನಾ ರುಚಿಯೆಂದೇ ಹೆಸರು ಬಿದ್ದಿತ್ತು. ಐದು ವರ್ಷ ಅಲ್ಲಿ ಚಾಕರಿಮಾಡಿದ ಓಶಿಮಾ, ಜೊತೆಗೆ ಪತ್ರಿಕೆಗಳಿಗೆ ಕಟುವಿಮರ್ಶೆಗಳನ್ನೂ ಬರೆಯುತ್ತಿದ್ದನು. 1959ರಲ್ಲಿ ಅವನಿಗೆ ಸ್ವತಂತ್ರವಾಗಿ ಒಂದು ಸಣ್ಣ ಚಿತ್ರವನ್ನು ನಿರ್ದೇಶಿಸುವ ಅವಕಾಶ ಒದಗಿತು.

ಅದರ ಕಥೆ ಹೀಗಿದೆ. ಕೈಗಾರಿಕೆಯ ಊರಿನ ಬಡ ಹುಡುಗನೊಬ್ಬನು ಬೀದಿಯಲ್ಲಿ ಪಾರಿವಾಳಗಳನ್ನು ಮಾರುತ್ತಾನೆ. ಕೊಂಡವರ ಮನೆಯಿಂದ ಹಕ್ಕಿ ತಪ್ಪಿಸಿಕೊಂಡು ಮತ್ತೆ ಹುಡುಗನ ಗೂಡಿಗೇ ಬರುತ್ತದೆ. ಅವನು ಅದನ್ನೇ ಮತ್ತೊಬ್ಬರಿಗೆ ಮಾರುತ್ತಾನೆ. ತಾಯಿ ರೋಗಿ, ಮನೆಯಲ್ಲಿ ಅನ್ನವಿಲ್ಲ. ಹಕ್ಕಿಯನ್ನು ಕೊಂಡ ಶ್ರೀಮಂತ ಹುಡುಗಿಯೊಬ್ಬಳು ಅವನಲ್ಲಿ ಕನಿಕರಪಟ್ಟು ಸ್ನೇಹ ಬೆಳೆಸಿ, ತನ್ನ ತಂದೆಯ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಕೊಡಿಸಲು ಯತ್ನಿಸುತ್ತಾಳೆ. ಪಾರಿವಾಳದ ಮೋಸ ಬಯಲಾಗುತ್ತದೆ, ಕೆಲಸ ತಪ್ಪುತ್ತದೆ. ಕೊನೆಯಲ್ಲಿ ಹುಡುಗಿ ಅದೇ ಹಕ್ಕಿಯನ್ನು ಮತ್ತೊಮ್ಮೆ ಕೊಂಡು, ಆಕಾಶಕ್ಕೆ ಬಿಟ್ಟು, ತನ್ನ ಅಣ್ಣನಿಂದ ಗುಂಡು ಹಾರಿಸಿ ಕೊಲ್ಲಿಸುತ್ತಾಳೆ.

ಚಿತ್ರವನ್ನು ನೋಡಿದ ಕಿದೊ ಕೋಪಗೊಂಡನು. ಬಡವರೂ ಸಿರಿವಂತರೂ ಎಂದಿಗೂ ಕೈಗೂಡಿಸಲಾರರೆಂದು ಈ ಚಿತ್ರ ಹೇಳುತ್ತದೆಂಬುದು ಅವನ ಆಕ್ಷೇಪ. ಅವನು ತಪ್ಪಾಗಿ ಅರ್ಥಮಾಡಿಕೊಂಡಿರಲಿಲ್ಲ; ಚಿತ್ರ ಹೇಳಿದುದೇ ಅದು. ಓಫುನಾ ರುಚಿಯ ಕಥೆಯಾಗಿದ್ದರೆ ಹುಡುಗಿಯ ಕನಿಕರ ಹುಡುಗನನ್ನು ಉದ್ಧರಿಸುತ್ತಿತ್ತು. ಓಶಿಮಾನ ದೃಷ್ಟಿಯಲ್ಲಿ ಆ ಕನಿಕರವೇ ಮೋಸ, ಪಾರಿವಾಳದ ವ್ಯಾಪಾರಕ್ಕಿಂತ ದೊಡ್ಡ ಮೋಸ. ನಿರ್ದೇಶಕನು ಇಟ್ಟಿದ್ದ ‘ಪಾರಿವಾಳ ಮಾರುವ ಹುಡುಗ’ ಎಂಬ ಹೆಸರನ್ನು ಸಂಸ್ಥೆ ‘ಪ್ರೀತಿ ಮತ್ತು ಭರವಸೆಯ ಊರು’ ಎಂದು ಬದಲಾಯಿಸಿ, ಚಿತ್ರವನ್ನು ಕೆಲವೇ ಸಣ್ಣ ಚಿತ್ರಮಂದಿರಗಳಲ್ಲಿ ತೋರಿಸಿ ಕೈತೊಳೆದುಕೊಂಡಿತು. ಚಿತ್ರದಲ್ಲಿ ಎರಡೂ ಇಲ್ಲದುದನ್ನು ನೆನೆದರೆ ಆ ಹೆಸರಿಗಿಂತ ಕಟುವಾದ ವ್ಯಂಗ್ಯವನ್ನು ಓಶಿಮಾ ತಾನೇ ಕಲ್ಪಿಸಲಾರದೆ ಹೋಗುತ್ತಿದ್ದನು.

ಮರುವರ್ಷ ತನ್ನ ಮೊದಲ ವರ್ಣಚಿತ್ರವಾದ ‘ಯೌವನದ ಕ್ರೂರ ಕಥೆ’ಯನ್ನು ಆರಂಭಿಸುವಾಗ ಅವನು ತನಗೆ ತಾನೇ ಒಂದು ವಿಚಿತ್ರ ನಿಷೇಧವನ್ನು ವಿಧಿಸಿಕೊಂಡನು: ತೆರೆಯ ಮೇಲೆ ಹಸಿರು ಬಣ್ಣ ಕಾಣಬಾರದು. ಹಸಿರು ನೋಡುವವರ ಮನಸ್ಸನ್ನು ಮೆದುಗೊಳಿಸುತ್ತದೆ. ಚಾಪೆ ಹಾಸಿದ ಕೋಣೆ, ಅದರಾಚೆಯ ಪುಟ್ಟ ತೋಟ, ಚಹದ ಬಟ್ಟಲು, ಇವೆಲ್ಲ ಜಪಾನೀಯನನ್ನು ಜೋಗುಳ ಹಾಡಿ ಮಲಗಿಸುತ್ತವೆಂಬುದು ಅವನ ವಾದ. ಅದೇ ಸ್ಟುಡಿಯೋದಲ್ಲಿ ಅದೇ ಚಾಪೆಯ ಕೋಣೆಯನ್ನು ಓಝು ತನ್ನ ಕಲೆಯ ಗರ್ಭಗುಡಿಯನ್ನಾಗಿ ಮಾಡಿದ್ದನೆಂಬುದನ್ನು ನೆನೆದರೆ ಈ ನಿಷೇಧದ ಮೊನಚು ತಿಳಿಯುತ್ತದೆ.

1960ರ ಮಂಜು

1960ನೆಯ ವರ್ಷ ಜಪಾನಿನ ಇತಿಹಾಸದಲ್ಲಿ ಬಿರುಗಾಳಿಯ ವರ್ಷ. ಅಮೆರಿಕದೊಡನೆ ಮಾಡಿಕೊಂಡ ರಕ್ಷಣಾ ಒಪ್ಪಂದದ ನವೀಕರಣವನ್ನು ವಿರೋಧಿಸಿ ಲಕ್ಷಾಂತರ ಜನ ಬೀದಿಗಿಳಿದರು. ಜೂನ್ 15ರಂದು ಸಂಸತ್ತಿನ ಆವರಣದಲ್ಲಿ ನಡೆದ ಘರ್ಷಣೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಮಡಿದಳು. ಆದರೂ ಒಪ್ಪಂದ ಜಾರಿಗೆ ಬಂದಿತು. ಆ ಒಂದೇ ವರ್ಷದಲ್ಲಿ ಓಶಿಮಾನ ಮೂರು ಚಿತ್ರಗಳು ತೆರೆಕಂಡುವು. ಜೂನಿನಲ್ಲಿ ಬಂದ ‘ಯೌವನದ ಕ್ರೂರ ಕಥೆ’ ಜನಪ್ರಿಯವಾಯಿತು. ಆಗಸ್ಟಿನಲ್ಲಿ ಬಂದ ‘ಸೂರ್ಯನ ಸಮಾಧಿ’ ಒಸಾಕಾ ನಗರದ ಕೊಳೆಗೇರಿಯಲ್ಲಿ ರಕ್ತವನ್ನೂ ಕೊನೆಗೆ ತಮ್ಮ ಗುರುತನ್ನೂ ಮಾರಿ ಬದುಕುವವರ ಚಿತ್ರ. ಫ್ರಾನ್ಸಿನ ಹೊಸ ಅಲೆಗೆ ಸಮನಾದ ಅಲೆಯೊಂದು ತನ್ನಲ್ಲಿ ಎದ್ದಿದೆಯೆಂದು ಸಂಸ್ಥೆ ಜಾಹೀರಾತು ಮಾಡಿಕೊಂಡಿತು.

ಮೂರನೆಯದು ‘ಜಪಾನಿನಲ್ಲಿ ಇರುಳು ಮತ್ತು ಮಂಜು’. ಇದು ಒಂದು ಮದುವೆಯ ಮನೆಯಲ್ಲಿ ನಡೆಯುವ ಕಥೆ. ವರನು 1950ರ ದಶಕದ ಚಳವಳಿಗಾರ, ವಧು 1960ರ ಚಳವಳಿಗಾರ್ತಿ; ಎರಡು ತಲೆಮಾರುಗಳ ಮದುವೆಯೆನ್ನಬಹುದು. ಕರೆಯದೆ ಬಂದ ಅತಿಥಿಗಳು ಹಳೆಯ ಲೆಕ್ಕವನ್ನು ಬಿಚ್ಚುತ್ತಾರೆ. ಗೆಳೆಯನ ಮೇಲೆ ಗೂಢಚಾರನೆಂಬ ಅಪವಾದವನ್ನು ಹೊರಿಸಿ ಅವನ ಸಾವಿಗೆ ಕಾರಣರಾದವರು ಯಾರು? ಪಕ್ಷದ ಅಪ್ಪಣೆಯೆಂದರೆ ಕಣ್ಣು ಮುಚ್ಚಿ ನಡೆದವರು ಯಾರು? ಸರ್ಕಾರವನ್ನು ಬಯ್ಯುವ ಚಿತ್ರವನ್ನು ನಿರೀಕ್ಷಿಸಿ ಬಂದಿದ್ದ ಎಡಪಂಥೀಯರು ತಮ್ಮದೇ ಮುಖವನ್ನು ಕನ್ನಡಿಯಲ್ಲಿ ಕಂಡು ದಂಗಾದರು. ಇಡೀ ಚಿತ್ರ ಐವತ್ತಕ್ಕಿಂತ ಕಡಮೆ ದೃಶ್ಯಖಂಡಗಳಲ್ಲಿ ಮುಗಿಯುತ್ತದೆ; ಕ್ಯಾಮರಾ ಒಬ್ಬರ ಮುಖದಿಂದ ಮತ್ತೊಬ್ಬರ ಮುಖಕ್ಕೆ ನಿಧಾನವಾಗಿ ತಿರುಗುತ್ತ, ಯಾರಿಗೂ ತಪ್ಪಿಸಿಕೊಳ್ಳುವ ಬಾಗಿಲನ್ನು ತೆರೆಯುವುದಿಲ್ಲ. ಚಳವಳಿ ಸೋತು ನಾಲ್ಕು ತಿಂಗಳೂ ಆಗಿರದಿದ್ದಾಗ, ಸೋಲಿಗೆ ನಾವೂ ಹೊಣೆಯೆಂದು ಹೇಳುವುದಕ್ಕೆ ಎದೆಗಾರಿಕೆ ಬೇಕು.

ಅಕ್ಟೋಬರ್ 9ರಂದು ಬಿಡುಗಡೆಯಾದ ಈ ಚಿತ್ರ ನಾಲ್ಕು ದಿನವೂ ಸರಿಯಾಗಿ ಬಾಳಲಿಲ್ಲ. ಅಕ್ಟೋಬರ್ 12ರಂದು ಸಮಾಜವಾದಿ ಪಕ್ಷದ ನಾಯಕನಾದ ಅಸಾನುಮಾ ಇನೆಜಿರೊವನ್ನು ಸಾರ್ವಜನಿಕ ವೇದಿಕೆಯ ಮೇಲೆಯೇ ಹದಿನೇಳು ವರ್ಷದ ಹುಡುಗನೊಬ್ಬನು ಇರಿದು ಕೊಂದನು. ಶೋಚಿಕು ಕೂಡಲೆ ಚಿತ್ರವನ್ನು ಹಿಂದೆಗೆದುಕೊಂಡಿತು. ಪ್ರೇಕ್ಷಕರಿಲ್ಲದುದು ಅದು ಕೊಟ್ಟ ಕಾರಣ. ರಾಜಕೀಯವೇ ಕಾರಣವೆಂಬುದು ಓಶಿಮಾನ ದೂರು. ಅದೇ ತಿಂಗಳು ನಟಿ ಅಕಿಕೊ ಕೊಯಾಮಾಳೊಡನೆ ಅವನ ಮದುವೆ ನಡೆಯಿತು. ಚಿತ್ರದೊಳಗಿನ ಮದುವೆಯಂತೆಯೇ ಈ ಮದುವೆಯ ಔತಣವೂ ಆಪಾದನೆಯ ಸಭೆಯಾಯಿತು. ವರನೂ ಅವನ ಗೆಳೆಯರೂ ಎದ್ದು ನಿಂತು ಸಂಸ್ಥೆಯನ್ನು ಖಂಡಿಸಿದರು. 1961ರಲ್ಲಿ ಅವನು ಶೋಚಿಕುವನ್ನು ಬಿಟ್ಟನು. ಹೆಂಡತಿ, ಚಿತ್ರಕಥೆಗಾರ ತಮುರಾ ತ್ಸುತೊಮು, ನಟ ವತನಾಬೆ ಫುಮಿಯೊ ಮೊದಲಾದವರೊಡನೆ ಸೇರಿ ‘ಸೋಝೊಶಾ’ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿದನು. ಸೃಷ್ಟಿಸಂಘವೆಂದು ಆ ಹೆಸರಿನ ಅರ್ಥ.

ನೆರೆಯವನ ಮುಖ

ಸ್ವಾತಂತ್ರ್ಯ ಬಂದಿತು, ಅನ್ನ ಬರಲಿಲ್ಲ. ಕೆನ್ಜಾಬುರೊ ಓಎಯ ಕಥೆಯನ್ನು ಆಧರಿಸಿದ ‘ಬೇಟೆ’ 1961ರಲ್ಲಿ ಬಂದಿತು. ಮರುವರ್ಷ ಮತ್ತೊಂದು ದೊಡ್ಡ ಸಂಸ್ಥೆಗೆ ಮಾಡಿಕೊಟ್ಟ ಐತಿಹಾಸಿಕ ಚಿತ್ರ ಸೋತಿತು. ಅನಂತರ ಮೂರು ವರ್ಷ ಅವನಿಗೆ ದೊಡ್ಡ ಚಿತ್ರ ದೊರೆಯಲಿಲ್ಲ, ದೂರದರ್ಶನಕ್ಕೆ ಕೆಲಸಮಾಡಬೇಕಾಯಿತು. ಆದರೆ ಅವನ ಬಾಳಿನ ಅತ್ಯಂತ ಗಂಭೀರವಾದ ವಸ್ತು ದೊರೆತುದು ಈ ವನವಾಸದಲ್ಲಿಯೇ.

1963ರಲ್ಲಿ ಅವನು ‘ಮರೆತುಹೋದ ಸೈನಿಕರು’ ಎಂಬ ಚಿಕ್ಕ ವಾಸ್ತವಚಿತ್ರವನ್ನು ತೆಗೆದನು. ಜಪಾನಿನ ಸೈನ್ಯಕ್ಕಾಗಿ ಹೋರಾಡಿ ಕೈಕಾಲು ಕಣ್ಣುಗಳನ್ನು ಕಳೆದುಕೊಂಡ ಕೊರಿಯದ ಜನರ ಕಥೆ ಅದು. ಅವರು ಜಪಾನೀಯರಲ್ಲವೆಂದು ಜಪಾನ್ ಸರ್ಕಾರ ಪಿಂಚಣಿ ಕೊಡಲಿಲ್ಲ. ಅದು ಜಪಾನಿನ ಹೊಣೆಯೆಂದು ಕೊರಿಯ ಕೈಬಿಟ್ಟಿತು. ಬಿಳಿಯ ಅಂಗಿ ತೊಟ್ಟು, ಕೃತಕ ಕೈಗಳನ್ನು ಮುಂದೆ ಚಾಚಿ ಅವರು ರೈಲಿನಲ್ಲಿ ಬೀದಿಯಲ್ಲಿ ನೆರವು ಬೇಡುತ್ತಾರೆ. ಜನ ಮುಖ ತಿರುಗಿಸುತ್ತಾರೆ. ಚಿತ್ರದ ಕೊನೆಯಲ್ಲಿ ನಿರೂಪಕನು ಮನೆಯಲ್ಲಿ ಕುಳಿತು ನೋಡುತ್ತಿರುವ ಜಪಾನೀಯನನ್ನು ನೇರವಾಗಿ ಸಂಬೋಧಿಸಿ, ಇದು ನಮಗೆ ಒಪ್ಪಿಗೆಯೇ ಎಂದು ಕೇಳುತ್ತಾನೆ. ಯುದ್ಧದಲ್ಲಿ ತಾನು ನೊಂದೆನೆಂಬ ಸ್ಮರಣೆಯನ್ನು ಜಪಾನ್ ಪೋಷಿಸಿಕೊಂಡು ಬಂದಿತ್ತು; ತಾನು ನೋಯಿಸಿದೆನೆಂಬುದನ್ನು ನೆನಪಿಸಿದವರು ವಿರಳ.

ಮರುವರ್ಷ ಓಶಿಮಾ ಕೊರಿಯಕ್ಕೆ ಹೋಗಿ ತಾನೇ ತೆಗೆದ ಬೀದಿಮಕ್ಕಳ ನಿಶ್ಚಲ ಛಾಯಾಚಿತ್ರಗಳನ್ನು ಪೋಣಿಸಿ, ಅಲ್ಲಿಯ ಬಡ ಬಾಲಕನ ದಿನಚರಿಯೊಂದನ್ನು ಆಧರಿಸಿ, 1965ರಲ್ಲಿ ‘ಯುನ್‌ಬೊಗಿಯ ದಿನಚರಿ’ಯನ್ನು ಮಾಡಿದನು. ಆದರೆ ಈ ವಸ್ತುವಿನ ಪೂರ್ಣಫಲ ದೊರೆತುದು 1968ರ ‘ಮರಣದಂಡನೆ’ಯಲ್ಲಿ. ಸಣ್ಣ ಸಂಸ್ಥೆಯೊಂದರ ಜೊತೆಗೂಡಿ, ಸುಮಾರು ಒಂದು ಕೋಟಿ ಯೆನ್ನುಗಳ ಅಲ್ಪ ವೆಚ್ಚದಲ್ಲಿ ತೆಗೆದ ಚಿತ್ರ ಅದು. ಎರಡು ಕೊಲೆಗಳಿಗಾಗಿ 1962ರಲ್ಲಿ ಗಲ್ಲಿಗೇರಿದ ಕೊರಿಯ ಮೂಲದ ತರುಣನೊಬ್ಬನ ನಿಜವಾದ ಮೊಕದ್ದಮೆ ಅದರ ಬೀಜ.

ಚಿತ್ರದ ಕಲ್ಪನೆ ಭಯಂಕರವೂ ಹಾಸ್ಯಮಯವೂ ಆಗಿದೆ. ಅಪರಾಧಿಯನ್ನು ಗಲ್ಲಿಗೇರಿಸುತ್ತಾರೆ, ಅವನು ಸಾಯುವುದಿಲ್ಲ. ಪ್ರಜ್ಞೆ ಮರಳುತ್ತದೆ, ನೆನಪು ಮರಳುವುದಿಲ್ಲ. ತಾನು ಯಾರೆಂದು ಅರಿಯದವನನ್ನು ಮತ್ತೆ ಗಲ್ಲಿಗೇರಿಸುವುದು ನ್ಯಾಯಸಮ್ಮತವಲ್ಲ. ಆದುದರಿಂದ ಸೆರೆಮನೆಯ ಅಧಿಕಾರಿ, ವೈದ್ಯ, ಪುರೋಹಿತ, ವಕೀಲ ಎಲ್ಲರೂ ಸೇರಿ ಅವನ ಅಪರಾಧವನ್ನು ಅವನ ಮುಂದೆ ಅಭಿನಯಿಸಿ ತೋರಿಸುತ್ತಾರೆ. ಅವನು ಕೊರಿಯದವನೆಂಬುದನ್ನು ಅವನಿಗೆ ಕಲಿಸಲು ಹೆಣಗುತ್ತಾರೆ. ಅಭಿನಯಿಸುತ್ತ ಅಭಿನಯಿಸುತ್ತ ಅವರವರ ಒಳಗಿನ ಕೊಲೆಗಡುಕ ಹೊರಬೀಳುತ್ತಾನೆ. ಕೊರಿಯದವನೆಂಬುದು ಆ ತರುಣನ ಗುಣವಲ್ಲ, ಜಪಾನೀಯನ ಮನಸ್ಸಿನಲ್ಲಿರುವ ಚಿತ್ರವೆಂಬುದು ಪ್ರೇಕ್ಷಕನಿಗೆ ನಗುನಗುತ್ತಲೇ ಅರಿವಾಗುತ್ತದೆ. ಅರಿವಾದ ಮೇಲೆ ನಗು ಗಂಟಲಲ್ಲಿ ನಿಲ್ಲುತ್ತದೆ. ಒಂದು ಜನಾಂಗದ ತಪ್ಪನ್ನು ಆ ಜನಾಂಗದವನೇ ಇಷ್ಟು ನಿಷ್ಠುರವಾಗಿ ಎತ್ತಿ ತೋರಿಸಿದ ಚಿತ್ರಗಳು ಯಾವ ದೇಶದಲ್ಲಿಯೂ ಹೆಚ್ಚಿಲ್ಲ.

1969ರ ‘ಬಾಲಕ’ ಮೃದುವಾದ ಚಿತ್ರ. ಆದುದರಿಂದಲೇ ಹೆಚ್ಚು ನೋಯಿಸುವಂಥದು. ಓಡುವ ಕಾರುಗಳಿಗೆ ಬೇಕೆಂದೇ ಅಡ್ಡಬಿದ್ದು ಪರಿಹಾರ ವಸೂಲುಮಾಡುವ ಕುಟುಂಬವೊಂದು 1966ರಲ್ಲಿ ಸಿಕ್ಕಿಬಿದ್ದಿತು. ಯುದ್ಧದಿಂದ ಗಾಯಗೊಂಡು ಮರಳಿದ ತಂದೆ ದುಡಿಯುವುದಿಲ್ಲ. ಹತ್ತು ವರ್ಷದ ಮಗನು ಕಾರಿನ ಮುಂದೆ ಬೀಳಬೇಕು. ಊರಿಂದೂರಿಗೆ ಅಲೆಯುತ್ತ ಅವರು ಹಿಮದ ನಾಡಾದ ಹೊಕ್ಕೈಡೊವನ್ನು ತಲಪುತ್ತಾರೆ. ಅಲ್ಲಿ ಬಾಲಕನು ಹಿಮದಿಂದ ಒಬ್ಬ ಬೊಂಬೆಮನುಷ್ಯನನ್ನು ಮಾಡಿ, ದೂರದ ನಕ್ಷತ್ರದಿಂದ ಬಂದ ರಕ್ಷಕನೆಂದು ತಮ್ಮನಿಗೆ ಕಥೆ ಹೇಳಿ, ಅನಂತರ ತಾನೇ ಅದನ್ನು ಒಡೆದುಹಾಕುತ್ತಾನೆ. ಮುಖ್ಯಪಾತ್ರವನ್ನು ವಹಿಸಿದ ಹುಡುಗನು ಅನಾಥಾಲಯದವನು. ಹತ್ತು ವರ್ಷದ ಹಿಂದೆ ಪಾರಿವಾಳ ಮಾರಿದ ಹುಡುಗನೇ ಇಲ್ಲಿ ತನ್ನ ದೇಹವನ್ನು ಮಾರುತ್ತಿದ್ದಾನೆಂದು ತೋರದಿರದು.

1971ರ ‘ಸಮಾರಂಭ’ ಸಿರಿವಂತ ಮನೆತನವೊಂದರ ಮದುವೆ ಮತ್ತು ಶವಸಂಸ್ಕಾರಗಳ ಮೂಲಕ ಯುದ್ಧೋತ್ತರ ಜಪಾನಿನ ಇಪ್ಪತ್ತೈದು ವರ್ಷಗಳನ್ನು ಹೇಳುತ್ತದೆ. ವಧುವೇ ಬಾರದ ಮದುವೆಯನ್ನು ಮನೆತನದ ಮರ್ಯಾದೆಗಾಗಿ ವಧುವಿಲ್ಲದೆಯೇ ನಡೆಸಿಬಿಡುವ ದೃಶ್ಯವನ್ನು ಕಂಡವರು ಮರೆಯಲಾರರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ‘ಕಿನೆಮಾ ಜುನ್ಪೊ’ ಪತ್ರಿಕೆ ಅದನ್ನು ಎತ್ತಿಹಿಡಿಯಿತು. ಪ್ರತಿ ಚಿತ್ರಕ್ಕೂ ಓಶಿಮಾ ತನ್ನ ಶೈಲಿಯನ್ನು ಮುರಿದು ಕಟ್ಟುತ್ತಿದ್ದನೆಂಬುದನ್ನೂ ಇಲ್ಲಿ ಹೇಳಬೇಕು. ಐವತ್ತು ಖಂಡಗಳೂ ಇಲ್ಲದ ಚಿತ್ರವನ್ನು ಮಾಡಿದವನೇ 1966ರ ‘ಹಾಡುಹಗಲಿನ ಹಿಂಸೆ’ಯಲ್ಲಿ ಸುಮಾರು ಎರಡು ಸಾವಿರ ಖಂಡಗಳನ್ನು ಬಳಸಿದನು. ತನ್ನ ನಿನ್ನೆಯ ಗೆಲವಿಗೂ ಅವನು ಒಲಿದು ಕುಳಿತವನಲ್ಲ. 1973ರಲ್ಲಿ ಸೃಷ್ಟಿಸಂಘವನ್ನು ಮುಚ್ಚಿದನು. ಅದೇ ವರ್ಷ ಬಂಗಾಳದ ಶೇಖ್ ಮುಜಿಬುರ್ ರಹಮಾನನನ್ನು ಕುರಿತು ಅವನು ದೂರದರ್ಶನಕ್ಕೆ ತೆಗೆದ ವಾಸ್ತವಚಿತ್ರ ನಮ್ಮ ಭೂಖಂಡದೊಡನೆ ಅವನಿಗಿದ್ದ ನಂಟನ್ನು ನೆನಪಿಸುತ್ತದೆ.

ನ್ಯಾಯಾಲಯದಲ್ಲಿ

1936ರಲ್ಲಿ ಟೋಕಿಯೊದಲ್ಲಿ ಸದಾ ಅಬೆ ಎಂಬ ಪರಿಚಾರಿಕೆ ತನ್ನ ಪ್ರಿಯಕರನನ್ನು ಕೊಂದ ಪ್ರಸಂಗ ದೇಶವನ್ನೆಲ್ಲ ತಲ್ಲಣಗೊಳಿಸಿತ್ತು. ಸೈನ್ಯದ ಬೂಟುಗಳ ಸದ್ದು ಬೀದಿಯನ್ನು ತುಂಬಿದ್ದ ವರ್ಷ ಅದು. ಆ ಸದ್ದಿಗೆ ಕಿವಿಗೊಡದೆ, ಬಾಗಿಲು ಮುಚ್ಚಿಕೊಂಡು, ಕಾಮವೊಂದನ್ನೇ ಜಗತ್ತಾಗಿ ಮಾಡಿಕೊಂಡು ಸಾವಿನವರೆಗೆ ನಡೆದ ಇಬ್ಬರ ಕಥೆಯನ್ನು ಓಶಿಮಾ 1976ರಲ್ಲಿ ಚಿತ್ರಕ್ಕೆ ತಂದನು. ಹೊರದೇಶಗಳಲ್ಲಿ ಅದು ‘ಇಂದ್ರಿಯಗಳ ಸಾಮ್ರಾಜ್ಯ’ವೆಂದು ಪ್ರಸಿದ್ಧ. ಮರೆಮಾಚದೆ ತೋರಿಸಿದ ಆ ಚಿತ್ರವನ್ನು ಜಪಾನಿನ ಕಾನೂನು ಸಹಿಸುವಂತಿರಲಿಲ್ಲ. ಆದುದರಿಂದ ಫ್ರಾನ್ಸಿನ ನಿರ್ಮಾಪಕ ಅನತೋಲ್ ದೋಮನ್ ಫಿಲ್ಮನ್ನು ಅಲ್ಲಿಂದ ಕಳುಹಿಸಿದನು. ಚಿತ್ರೀಕರಣ ಕ್ಯೋಟೊದಲ್ಲಿ ನಡೆಯಿತು. ಸಂಸ್ಕರಿಸದ ಸುರುಳಿಗಳು ಮತ್ತೆ ಫ್ರಾನ್ಸಿಗೆ ಹೋದುವು. ಕಾನೂನಿನ ಕಣ್ಣಿಗೆ ಅದು ಫ್ರೆಂಚ್ ಚಿತ್ರವಾಯಿತು. ಸ್ವಂತ ಭಾಷೆಯಲ್ಲಿ, ಸ್ವಂತ ಊರಿನಲ್ಲಿ ಮಾಡಿದ ಚಿತ್ರ ಪರದೇಶಿಯಾಗಿ ತಾಯ್ನಾಡಿಗೆ ಮರಳಿ, ಕತ್ತರಿಗೂ ಮಸುಕಿಗೂ ಒಳಗಾಗಿ ತೆರೆಕಂಡಿತು.

ಚಿತ್ರಕ್ಕೆ ಕೈಹಾಕಲಾರದ ಪೊಲೀಸರು ಅದರ ಚಿತ್ರಕಥೆ ಮತ್ತು ಛಾಯಾಚಿತ್ರಗಳಿದ್ದ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡು, ಲೇಖಕನ ಮೇಲೂ ಪ್ರಕಾಶಕನ ಮೇಲೂ ಅಶ್ಲೀಲತೆಯ ಮೊಕದ್ದಮೆ ಹೂಡಿದರು. ಇಂಥ ಸಂದರ್ಭದಲ್ಲಿ ಕಲಾವಿದರು ಸಾಮಾನ್ಯವಾಗಿ ಹೇಳುವುದು, ಇದು ಅಶ್ಲೀಲವಲ್ಲ, ಕಲೆ ಎಂದು. ನ್ಯಾಯಶಾಸ್ತ್ರದ ಪದವೀಧರನಾದ ಓಶಿಮಾ ಆ ಸುಲಭದ ಹಾದಿಯನ್ನು ಹಿಡಿಯಲಿಲ್ಲ. ಅಶ್ಲೀಲವಾದರೆ ತಾನೆ ತಪ್ಪೇನು ಎಂಬುದು ಅವನ ಪ್ರಶ್ನೆ. ಬಯಲಿಗೆ ತಂದುದರಲ್ಲಿ ಅಶ್ಲೀಲವಿರುವುದಿಲ್ಲ. ನೋಡಬಾರದೆಂದು ಮುಚ್ಚಿಟ್ಟುದರಲ್ಲಿ ಮಾತ್ರ ಅದು ಹುಟ್ಟುತ್ತದೆಂಬುದು ಅವನ ವಾದದ ತಿರುಳು. 1979ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದಿತು. 1982ರಲ್ಲಿ ಉಚ್ಚ ನ್ಯಾಯಾಲಯ ಅದನ್ನೇ ಸ್ಥಿರಪಡಿಸಿತು. ಪುಸ್ತಕ ಗೆದ್ದಿತು, ಚಿತ್ರದ ಮೇಲಣ ಮಸುಕು ಮಾತ್ರ 2000ದಲ್ಲಿ ಜಪಾನಿನಲ್ಲಿ ಅದು ಪುನಃ ತೆರೆಕಂಡಾಗಲೂ ಪೂರ್ತಿಯಾಗಿ ಸರಿಯಲಿಲ್ಲ.

ಈ ವಾದವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಈ ಲೇಖಕನೂ ಅದನ್ನು ಪೂರ್ತಿಯಾಗಿ ಒಪ್ಪಲಾರನು. ಮುಚ್ಚಿಟ್ಟುದೆಲ್ಲವೂ ಭಯದಿಂದ ಮುಚ್ಚಿಟ್ಟುದಲ್ಲ. ಗೌರವದಿಂದ ಮುಚ್ಚಿಟ್ಟುದೂ ಉಂಟು. ಅವನ ಚಿತ್ರಗಳಲ್ಲಿ ಸ್ತ್ರೀಯ ಮೇಲಣ ಬಲಾತ್ಕಾರ ಮತ್ತೆ ಮತ್ತೆ ಬರುತ್ತದೆ. ಬಂಡಾಯದ ಗಂಡಿಗೆ ಅವಳ ದೇಹವೇ ರಣರಂಗವಾಗುತ್ತದೆಂದು ಆಕ್ಷೇಪಿಸಿದ ವಿಮರ್ಶಕರ ಮಾತನ್ನು ತಳ್ಳಿಹಾಕುವಂತಿಲ್ಲ. ತನ್ನವರ ಎಲ್ಲ ಕುರುಡುಗಳನ್ನೂ ಕಂಡ ಕಣ್ಣಿಗೆ ಈ ಒಂದು ಕುರುಡು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲವೇನೊ. ಆದರೆ ನ್ಯಾಯಾಧೀಶರ ಮುಂದೆ ಕ್ಷಮೆಯನ್ನೂ ವಿನಾಯಿತಿಯನ್ನೂ ಬೇಡದೆ ಪ್ರಶ್ನೆಯನ್ನೇ ಬೆಳೆಸಿದ ಅವನ ನಿಷ್ಠೆಯನ್ನು ಮೆಚ್ಚದಿರುವುದು ಸಾಧ್ಯವಿಲ್ಲ.

ಕ್ಯೋಟೊಗೆ ಮರಳಿ

1978ರ ‘ಮೋಹದ ಸಾಮ್ರಾಜ್ಯ’ಕ್ಕೆ ಕಾನ್ ಉತ್ಸವದಲ್ಲಿ ಅತ್ಯುತ್ತಮ ನಿರ್ದೇಶಕನ ಪ್ರಶಸ್ತಿ ದೊರೆಯಿತು. 1983ರಲ್ಲಿ ಬಂದ ‘ಮೆರಿ ಕ್ರಿಸ್‌ಮಸ್, ಮಿಸ್ಟರ್ ಲಾರೆನ್ಸ್’ ಅವನ ಹೆಸರನ್ನು ಲೋಕದ ಮೂಲೆಮೂಲೆಗೆ ಮುಟ್ಟಿಸಿತು. ಜಾವಾ ದ್ವೀಪದ ಜಪಾನೀ ಯುದ್ಧಕೈದಿಗಳ ಶಿಬಿರದ ಕಥೆ ಅದು. ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿ, ಜಪಾನಿನ ಸಂಗೀತಗಾರ ರ್ಯುಇಚಿ ಸಾಕಾಮೊಟೊ, ಆಗ ಬರಿಯ ಹಾಸ್ಯಗಾರನೆಂದು ಹೆಸರಾಗಿದ್ದ ತಕೇಶಿ ಕಿತಾನೊ, ಹೀಗೆ ನಟನೆಯ ಸಂಪ್ರದಾಯಕ್ಕೆ ಹೊರಗಿನವರನ್ನು ಅವನು ಆರಿಸಿಕೊಂಡನು. ಯುದ್ಧದಲ್ಲಿ ಗೆದ್ದವರೂ ಸೋತವರೂ ಕೊನೆಯಲ್ಲಿ ತಮ್ಮ ತಮ್ಮ ನ್ಯಾಯದ ಸೆರೆಯಾಳುಗಳೇ ಎಂದು ತೋರಿಸುವ ಆ ಚಿತ್ರ ಆರಂಭವಾಗುವುದು ಕೊರಿಯದ ಕಾವಲುಗಾರನೊಬ್ಬನ ಅವಮಾನದಿಂದ. ಲೋಕಪ್ರಸಿದ್ಧ ತಾರೆಗಳ ನಡುವೆಯೂ ಅವನು ಹಳೆಯ ಸಾಲವನ್ನು ಮರೆಯಲಿಲ್ಲ.

1980ರಿಂದ 1996ರವರೆಗೆ ಜಪಾನಿನ ನಿರ್ದೇಶಕರ ಸಂಘಕ್ಕೆ ಅವನು ಅಧ್ಯಕ್ಷನಾಗಿದ್ದನು. ಚಿತ್ರಗಳು ವಿರಳವಾದುವು, ಬದಲಾಗಿ ದೂರದರ್ಶನದ ಚರ್ಚಾಕೂಟಗಳಲ್ಲಿ ಕಿಮೋನೊ ತೊಟ್ಟು ಕುಳಿತು ಎದುರಾಳಿಯನ್ನು ಗದರಿಸುವ ಹಿರಿಯನಾಗಿ ಅವನು ಮನೆಮನೆಗೆ ಪರಿಚಿತನಾದನು. ಅವನ ಒಂದು ಚಿತ್ರವನ್ನೂ ನೋಡದ ಹುಡುಗರು ಅವನ ಕೋಪವನ್ನು ಬಲ್ಲವರಾದರು. ಕೆಣಕುವವನೂ ಜನರ ಮನರಂಜನೆಯ ವಸ್ತುವಾಗಬಹುದೆಂಬುದಕ್ಕೆ ಇದೊಂದು ನಿದರ್ಶನ.

1991ರಲ್ಲಿ ಬ್ರಿಟನ್ನಿನ ಬಿಬಿಸಿಗಾಗಿ ಅವನು ಕ್ಯೋಟೊವನ್ನೂ ತನ್ನ ತಾಯಿಯನ್ನೂ ಕುರಿತು ಒಂದು ಚಿತ್ರ ಮಾಡಿದನು. ಪ್ರವಾಸಿಗರು ಕಾಣುವ ದೇವಾಲಯ ತೋಟಗಳ ಹಿಂದೆ, ಇಕ್ಕಟ್ಟಾದ ಮನೆಗಳ ಮಬ್ಬುಗತ್ತಲಿನಲ್ಲಿ ಬಾಯಿ ಬಿಡದೆ ಬಾಳು ಸವೆಸಿದ ಹೆಂಗಸರ ಕ್ಯೋಟೊ ಅದರಲ್ಲಿದೆ. ಊರನ್ನು ಅವನು ಹೊಗಳಲಿಲ್ಲ. ತಾಯಿಯನ್ನು ಮರೆಯಲೂ ಇಲ್ಲ.

1996ರಲ್ಲಿ ಲಂಡನ್ನಿನ ವಿಮಾನನಿಲ್ದಾಣದಲ್ಲಿ ಅವನಿಗೆ ಪಾರ್ಶ್ವವಾಯು ಬಡಿಯಿತು. ಇನ್ನು ಚಿತ್ರ ಮಾಡಲಾರನೆಂ��ು ಎಲ್ಲರೂ ಭಾವಿಸಿದ್ದಾಗ, ಗಾಲಿಕುರ್ಚಿಯ ನೆರವಿನಿಂದ 1999ರಲ್ಲಿ ‘ಗೊಹತ್ತೊ’ವನ್ನು ಮುಗಿಸಿದನು. ನಿಷಿದ್ಧವೆಂದು ಆ ಪದದ ಅರ್ಥ. 1865ರ ಕ್ಯೋಟೊದಲ್ಲಿ ನೆಲಸಿದ್ದ ಖಡ್ಗಧಾರಿಗಳ ದಳಕ್ಕೆ ಚೆಲುವ ಹುಡುಗನೊಬ್ಬನು ಸೇರಿ, ಅವರ ಕಠಿನ ಶಿಸ್ತಿನೊಳಗಿನ ಮೋಹವನ್ನು ಬಯಲಿಗೆಳೆಯುವ ಕಥೆ. ಸಮುರಾಯಿ ವಂಶದ ಮಗನು ಸಮುರಾಯಿಯ ವೀರಗಾಥೆಯನ್ನು ಹೀಗೆ ಮುಗಿಸಿದನು. ಕೊನೆಯ ದೃಶ್ಯದಲ್ಲಿ ದಳದ ನಾಯಕನೊಬ್ಬನು ಹೂಬಿಟ್ಟ ಚೆರಿಮರವನ್ನು ಒಂದೇ ಏಟಿಗೆ ಕಡಿದು ಕೆಡಹುತ್ತಾನೆ. ಹಸಿರನ್ನು ಹೊರಗಟ್ಟಿ ಆರಂಭವಾದ ಕಲೆ ಜಪಾನಿನ ಅತಿ ಪ್ರಿಯವಾದ ಹೂವನ್ನು ಕಡಿದು ಮುಗಿಯಿತು.

ಈ ಚಿತ್ರವನ್ನು ಜಪಾನಿನಲ್ಲಿ ಬಿಡುಗಡೆ ಮಾಡಿದುದು ಯಾವ ಸಂಸ್ಥೆಯೆಂಬುದನ್ನು ಹೇಳಿದರೆ ಓದುಗರು ಮುಗುಳುನಗದಿರಲಾರರು: ಅದು ಶೋಚಿಕು. ಮೂವತ್ತೆಂಟು ವರ್ಷಗಳ ಹಿಂದೆ ಬಾಗಿಲನ್ನು ಹಿಂದಿಕ್ಕಿ ಹೊರಟವನು ಅದೇ ಮನೆಗೆ, ಅದೇ ಊರಿಗೆ ಮರಳಿದ್ದನು. ಸಂಸ್ಥೆ ಬದಲಾಗಿದ್ದಿರಬೇಕು, ಅವನಂತೂ ಬದಲಾಗಿರಲಿಲ್ಲ.

ಆಮೇಲೆ ಅವನು ಚಿತ್ರ ಮಾಡಲಿಲ್ಲ. ವರ್ಷಗಟ್ಟಲೆ ಕಾಯಿಲೆ, 1960ರ ಆ ಗದ್ದಲದ ಮದುವೆಯಲ್ಲಿ ಕೈಹಿಡಿದ ಕೊಯಾಮಾಳೇ ಅವನ ಆರೈಕೆಗೆ ನಿಂತಳು. 2013ರ ಜನವರಿ 15ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಓಶಿಮಾನ ಚಿತ್ರಗಳನ್ನು ನೋಡಿ ಸಂತೋಷಪಟ್ಟೆನೆಂದು ಯಾರೂ ಹೇಳಲಾರರು. ಸಂತೋಷಪಡಿಸುವುದು ಅವನ ಕೆಲಸವಾಗಿರಲಿಲ್ಲ. ಪರರ ತಪ್ಪನ್ನು ತೋರಿಸುವ ಬರಹಕ್ಕೂ ಚಿತ್ರಕ್ಕೂ ನಮ್ಮ ಕಾಲದಲ್ಲಿ ಕೊರತೆಯಿಲ್ಲ. ನಮ್ಮ ಗುಂಪಿನ ನಡುವೆ ನಿಂತು, ನಮ್ಮವರ ಮುಖವನ್ನೇ ನೋಡುತ್ತ, ಇದು ನಮಗೆ ಒಪ್ಪಿಗೆಯೇ ಎಂದು ಕೇಳುವವರು ಎಲ್ಲಿಯೂ ಕಡಮೆ. ಮಾರಿದ ಪಾರಿವಾಳದಂತೆ ಆ ಪ್ರಶ್ನೆ ಎಷ್ಟು ಸಲ ಕೈದಾಟಿದರೂ ಮತ್ತೆ ಗೂಡಿಗೇ ಬಂದು ಕೂಡುತ್ತದೆ. ಅದನ್ನು ಗುಂಡಿಟ್ಟು ಕೆಡಹುವುದೋ ಕೈಯಲ್ಲಿ ಹಿಡಿದು ನೋಡುವುದೋ ನೋಡುವವರಿಗೆ ಬಿಟ್ಟುದು.